ಹಳೇ ಬ್ಯಾಚ್ ಫೈಲ್ ಕೆಡದಂಗೆ ಹೊಸ ವರ್ಷನ್ ಬಿಡೋದು ಹೆಂಗೆ

ಟೊಮೇಟೊ ಸೀಸನ್ ಜೋರಾಗಿದ್ದಾಗ ಒಂದಿನ ಬೆಳಗ್ಗೆ ಕೋಲಾರದ ಒಂದು ಡಿಟಿಪಿ ಅಂಗಡಿಯಿಂದ ಫೋನ್ ಬಂತು. "ಅಣ್ಣಾ, ನಿನ್ನೆ ನಿಮ್ ಟೂಲ್ ಅಪ್‌ಡೇಟ್ ಮಾಡ್ದೆ, ಅವಾಗಿಂದ ಕೋಲಾರ, ಶ್ರೀನಿವಾಸಪುರ, ಬಂಗಾರಪೇಟೆ ರೈತರು ಒಬ್ರೂ ಮ್ಯಾಚ್ ಆಗ್ತಿಲ್ಲ, ಮಾಲೂರು ಮುಳಬಾಗಿಲು ಮಾತ್ರ ಸರಿಯಾಗೈತೆ, ಏನ್ ಮಾಡಿದ್ರಿ?"

ನಾನು ಬರ್ದಿರೋದು ದೊಡ್ಡ ಸಾಫ್ಟ್‌ವೇರ್ ಏನಲ್ಲ, ನುಡಿಯಲ್ಲಿ ಟೈಪ್ ಮಾಡಿರೋ ಹಳೇ ಫೈಲ್‌ಗಳನ್ನ ಯುನಿಕೋಡ್‌ಗೆ (ಎಲ್ಲಾ ಕಂಪ್ಯೂಟರ್‌ಗೂ ಅರ್ಥ ಆಗೋ ಅಕ್ಷರದ ಕೋಡ್) ತಿರುಗಿಸೋ ಒಂದು ಪೈಥಾನ್ ಟೂಲ್, ಗಿಟ್‌ಹಬ್‌ನಲ್ಲಿ ಹಾಕಿದೀನಿ, ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜ್ ಹಾಕೋ ಕಮಾಂಡ್) ಇನ್‌ಸ್ಟಾಲ್ ಆಗತ್ತೆ. ಆ ಅಂಗಡಿಯವ್ರು ಅದನ್ನ ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನ ಸಾಲಾಗಿ ಬರ್ದಿಟ್ಟು ಒಟ್ಟಿಗೆ ಓಡಿಸೋ ಫೈಲ್) ಒಳಗೆ ಇಟ್ಕೊಂಡು, ವರ್ಷಗಳಿಂದ ನುಡಿಯಲ್ಲಿ ಸೇರಿಸ್ಕೊಂಡು ಬಂದಿರೋ ರೈತರ ಪಟ್ಟಿನ ಯುನಿಕೋಡ್ ಮಾಡಿ, ಮುಂಚೆ ಅದೇ ಟೂಲಿಂದ ತೆಗೆದಿಟ್ಟಿರೋ ಪಟ್ಟಿ ಜೊತೆ ತಾಳೆ ಹಾಕ್ತಾರೆ. ಅವತ್ತು ನಾನು ಬಿಟ್ಟಿದ್ದ ವರ್ಷನ್‌ನಲ್ಲಿ ಇದ್ದಿದ್ದು ಒಂದೇ ಒಂದು ಬದಲಾವಣೆ, ಅದೂ ಒಂದು ತಪ್ಪನ್ನ ಸರಿ ಮಾಡಿದ್ದು. ಸರಿ ಮಾಡಿದ್ದಕ್ಕೇ ಅವರ ಕೆಲಸ ನಿಂತೋಯ್ತು. ಅಲ್ಲಿಂದ ನಾನು ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಕಾಲೇಜಲ್ಲಿ ಓದ್ತಾ ಸಣ್ಣಪುಟ್ಟ ಟೂಲ್ ಬರ್ದು ಓಪನ್ ಸೋರ್ಸ್ ಮಾಡ್ತಿರೋ ಹುಡುಗ ಹುಡುಗೀರು ಈಗ ಬಹಳ ಜನ ಇದಾರೆ, ಅವರಿಗೆ ಇದು ಶುರುವಲ್ಲೇ ಗೊತ್ತಿದ್ರೆ ಒಳ್ಳೇದು.

ನಮ್ಮ ಟೂಲ್ ಮೇಲೆ ನಿಂತಿರೋರನ್ನ ಡೌನ್‌ಸ್ಟ್ರೀಮ್ ಅಂತಾರಲ್ಲ, ಅದನ್ನ ನಮ್ಮ ಕಡೆ ಜನಕ್ಕೆ ಬಿಡಿಸಿ ಹೇಳೋದೇ ಬೇಡ. ನಮ್ಮ ಕೆರೆಗಳು ಸರಪಳಿ ಥರ ಇರ್ತವೆ, ಮೇಲಿನ ಕೆರೆ ಕೋಡಿ ಬಿದ್ರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ಮೇಲಿನ ಊರವ್ರು ಕೋಡಿ ಒಂದಡಿ ಎತ್ತರಿಸಿದ್ರೆ ಅವರ ಕೆರೆಗೆ ಅದು ರಿಪೇರಿ, ಕೆಳಗಿನ ಊರಿಗೆ ಆ ವರ್ಷ ನೀರೇ ಇಲ್ಲ. ನಿಮ್ಮ ಟೂಲ್ ಮೇಲಿನ ಕೆರೆ.

1. ಯಾರು, ಹೆಂಗೆ ಬಳಸ್ತಿದಾರೆ ಅಂತ ಹುಡುಕಿ

ನಿಮ್ಮ ಪ್ಯಾಕೇಜನ್ನ ಬೇರೆ ಯಾವ ರೆಪೊ (ಒಂದು ಪ್ರಾಜೆಕ್ಟಿನ ಕೋಡ್ ಇಡೋ ಜಾಗ) ಬಳಸ್ತಿದೆ ಅಂತ ಗಿಟ್‌ಹಬ್ ಸ್ವಲ್ಪ ಮಟ್ಟಿಗೆ ತೋರಿಸತ್ತೆ, ಅದನ್ನ ನೋಡಿ, ಕೋಡ್ ಸರ್ಚ್‌ನಲ್ಲಿ ನಿಮ್ಮ ಫಂಕ್ಷನ್ ಹೆಸರು ಹಾಕಿ ಹುಡುಕಿ. ಆದ್ರೆ ಅಂಗಡಿಯ ಬ್ಯಾಚ್ ಫೈಲ್, ಸೊಸೈಟಿ ಕ್ಲರ್ಕ್‌ದು ಎಕ್ಸೆಲ್ ಮ್ಯಾಕ್ರೊ, ಮೇಷ್ಟ್ರ ಪೆನ್‌ಡ್ರೈವ್‌ನಲ್ಲಿರೋ ಸ್ಕ್ರಿಪ್ಟ್ ಇವ್ಯಾವೂ ಅಲ್ಲಿ ಕಾಣಲ್ಲ. ಇವರು ಇಶ್ಯೂ ಅಂತ ದೂರು ಹಾಕೋದೂ ಇಲ್ಲ, ಗಿಟ್‌ಹಬ್ ಅಕೌಂಟೇ ಇರಲ್ಲ, ಕೆಟ್ರೆ ಫೋನ್ ಮಾಡ್ತಾರೆ ಇಲ್ಲಾಂದ್ರೆ ಸುಮ್ನೆ ಬಿಟ್ಬಿಡ್ತಾರೆ. ಸುಮ್ನೆ ಬಿಟ್ಟವರ ವಿಷಯ ನಮಗೆ ಗೊತ್ತಾಗೋದೇ ಇಲ್ಲ, ನನಗೆ ಬೇಜಾರಾಗೋದು ಅವರ ಬಗ್ಗೇನೇ. ಅದಕ್ಕೆ ರೀಡ್‌ಮಿ ಫೈಲಲ್ಲಿ ಕನ್ನಡದಲ್ಲಿ ಒಂದು ಸಾಲು ಬರೀರಿ, ನೀವು ಇದನ್ನ ಯಾವುದಕ್ಕೆ ಬಳಸ್ತೀರಿ ಒಂದು ಮೇಲ್ ಹಾಕಿ ಅಂತ. ಗೊತ್ತಿರೋರು ಯಾರಾದ್ರೂ ಬಳಸ್ತಿದ್ರೆ ಅವರ ಬ್ಯಾಚ್ ಫೈಲನ್ನ ವಾಟ್ಸಾಪಲ್ಲಿ ಕೇಳಿ ಇಸ್ಕೊಳ್ಳಿ. ನಾನು ಹಂಗೆ ಇಸ್ಕೊಂಡ ಮೊದಲನೇ ಫೈಲಲ್ಲೇ ನಾನು ಎಲ್ಲೂ ಬರ್ದಿಟ್ಟಿಲ್ಲದ ಎರಡು ವಿಷಯದ ಮೇಲೆ ಅವರು ನಿಂತಿದ್ರು.

2. ಮಾತು ಕೊಟ್ಟಿರೋದು ಯಾವುದು ಅಂತ ಬರೆದಿಡಿ

ಎಪಿಐ (ಬೇರೆಯವರ ಪ್ರೋಗ್ರಾಂ ನಿಮ್ಮ ಟೂಲನ್ನ ಬಳಸೋ ದಾರಿ) ಅಂದ ತಕ್ಷಣ ಫಂಕ್ಷನ್ ಹೆಸರು ಮಾತ್ರ ಅನ್ಕೋಬೇಡಿ. ಕಮಾಂಡ್ ಟೂಲ್ ಆದ್ರೆ ಕಮಾಂಡ್ ಹೆಸರು, ಆಪ್ಷನ್‌ಗಳು, ಅವುಗಳ ಡಿಫಾಲ್ಟ್, ಎಕ್ಸಿಟ್ ಕೋಡ್ (ಕೆಲಸ ಆಯ್ತಾ ಕೆಡ್ತಾ ಅಂತ ಟೂಲ್ ಮುಗಿಯೋವಾಗ ಕೊಡೋ ನಂಬರ್), ಸ್ಕ್ರೀನ್ ಮೇಲೆ ಬರೋ ಸಾಲು ಯಾವ ಆಕಾರದಲ್ಲಿದೆ, ಸಿಎಸ್‌ವಿ ಕಾಲಂಗಳ ಕ್ರಮ, ಫೈಲ್ ಎನ್‌ಕೋಡಿಂಗ್, ಕಾನ್ಫಿಗ್ ಫೈಲ್ ಎಲ್ಲಿ ಹುಡುಕ್ತೀರಿ ಅನ್ನೋದು, ಇಷ್ಟೂ ಸೇರತ್ತೆ. ಎಕ್ಸಿಟ್ ಕೋಡ್ ಯಾರು ನೋಡ್ತಾರೆ ಅನ್ಸತ್ತೆ, ಆದ್ರೆ ಬ್ಯಾಚ್ ಫೈಲ್‌ಗೆ ಕಣ್ಣು ಅಂತ ಇರೋದು ಅದೊಂದೇ.

ಗೂಗಲ್‌ನಲ್ಲಿ ಕೆಲಸ ಮಾಡಿದ ಹೈರಮ್ ರೈಟ್ ಹೆಸರಲ್ಲಿ ಒಂದು ನಿಯಮ ಇದೆ, ಹೈರಮ್ಸ್ ಲಾ ಅಂತಾರೆ. ಬಳಕೆದಾರರು ಸಾಕಷ್ಟು ಜನ ಆದ್ಮೇಲೆ ನೀವು ಡಾಕ್ಯುಮೆಂಟಲ್ಲಿ ಏನು ಬರ್ದಿದೀರಿ ಅನ್ನೋದು ಲೆಕ್ಕಕ್ಕೆ ಬರಲ್ಲ, ನಿಮ್ಮ ಟೂಲ್‌ನಲ್ಲಿ ಕಣ್ಣಿಗೆ ಕಾಣೋ ಪ್ರತಿಯೊಂದು ನಡವಳಿಕೆ ಮೇಲೂ ಯಾರಾದ್ರೂ ಒಬ್ರು ಆಧಾರವಾಗಿರ್ತಾರೆ ಅನ್ನೋದು ಅದರ ಸಾರ. ನನ್ನ ಅನುಭವದಲ್ಲಿ ಅದಕ್ಕೆ ಬಹಳ ಜನ ಬೇಕಾಗಿಲ್ಲ, ನಾಲ್ಕು ಅಂಗಡಿ ಸಾಕು.

ಒಂದು ಉದಾಹರಣೆ ನೋಡಿ. ಕನ್ನಡ ಇರೋ ಸಿಎಸ್‌ವಿ ಫೈಲನ್ನ ವಿಂಡೋಸ್ ಎಕ್ಸೆಲಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆದ್ರೆ, ಫೈಲ್ ಶುರುವಲ್ಲಿ ಬಿಓಎಂ ಅನ್ನೋ ಮೂರು ಬೈಟ್ ಇಲ್ಲಾಂದ್ರೆ ಅಕ್ಷರ ಎಲ್ಲಾ ಚಿತ್ರವಿಚಿತ್ರ ಗುರುತಾಗಿ ಕಾಣತ್ತೆ. ಪೈಥಾನ್‌ನಲ್ಲಿ ಬರೆಯೋವಾಗ ಯುಟಿಎಫ್-8-ಸಿಗ್ ಅಂತ ಎನ್‌ಕೋಡಿಂಗ್ ಕೊಟ್ರೆ ಆ ಮೂರು ಬೈಟ್ ಸೇರತ್ತೆ. ಯಾರೋ ಬಂದು ಯುಟಿಎಫ್-8ಗೆ ಬಿಓಎಂ ಬೇಕಾಗಿಲ್ಲ ತೆಗೀರಿ ಅಂತ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಕಳಿಸ್ತಾರೆ, ಮಾತು ಸರೀನೇ, ಆದ್ರೆ ತೆಗೆದ್ರೆ ಎಕ್ಸೆಲ್‌ನವರ ಕಥೆ ಮುಗೀತು. ಮೊದಲಿಂದ ಇಲ್ಲದೇ ಇದ್ದಿದ್ದನ್ನ ಈಗ ಸೇರಿಸಿದ್ರೆ, ಸ್ಕ್ರಿಪ್ಟಲ್ಲಿ ಓದೋರಿಗೆ ಮೊದಲನೇ ಕಾಲಂ ಹೆಸರಿನ ಮುಂದೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟ್ಕೊಂಡು 'ಕ್ರಮಸಂಖ್ಯೆ' ಅನ್ನೋ ಕಾಲಮ್ಮೇ ಇಲ್ಲ ಅಂತ ಎರರ್ ಬರತ್ತೆ. ಎರಡರಲ್ಲಿ ಯಾವುದು ಸರಿ ಅನ್ನೋ ಜಗಳ ಬೇಡ, ಮೊದಲಿಂದ ಯಾವುದು ಇತ್ತೋ ಅದೇ ಡಿಫಾಲ್ಟ್ ಆಗಿರ್ಲಿ, ಇನ್ನೊಂದಕ್ಕೆ ಆಪ್ಷನ್ ಕೊಡಿ.

3. ಹಳೇ ಔಟ್‌ಪುಟ್ಟನ್ನ ಟೆಸ್ಟ್ ಒಳಗೆ ಕಟ್ಟಿಹಾಕಿ

ಇದು ಎಲ್ಲಕ್ಕಿಂತ ಮುಖ್ಯ, ಇದೊಂದು ಮಾಡಿದ್ರೆ ಅರ್ಧ ಕೆಲಸ ಆಗೋಯ್ತು. ನಿಜವಾದ ಇನ್‌ಪುಟ್ ಫೈಲ್‌ಗಳನ್ನ ತಗೊಳ್ಳಿ, ಜನರ ಹೆಸರು ಫೋನ್ ನಂಬರ್ ಎಲ್ಲಾ ಬದಲಾಯಿಸಿ, ಈಗಿನ ವರ್ಷನ್ ಅದಕ್ಕೆ ಏನು ಔಟ್‌ಪುಟ್ ಕೊಡತ್ತೋ ಅದನ್ನ ಹಂಗಂಗೇ ರೆಪೊನಲ್ಲಿ ಇಡಿ. ಗೋಲ್ಡನ್ ಫೈಲ್ ಅಂತಾರೆ ಇದಕ್ಕೆ. ಪ್ರತಿ ಕಮಿಟ್‌ಗೂ ಹೊಸ ಔಟ್‌ಪುಟ್ಟನ್ನ ಇದರ ಜೊತೆ ಬೈಟ್ ಬೈಟ್ ಹೋಲಿಸಿ. ಕಣ್ಣಲ್ಲಿ ನೋಡಿ ಸರಿ ಇದೆ ಅನ್ಬೇಡಿ.

ಬೈಟ್ ಲೆಕ್ಕ ಯಾಕೆ ಅಂತ ಆ ಫೋನ್ ಕಾಲ್ ಕಥೆಯಲ್ಲೇ ಇದೆ. ನುಡಿಯ ಹಳೇ ಫಾಂಟಲ್ಲಿ ದೀರ್ಘದ ಗುರುತು ಬೇರೆ ಗ್ಲಿಫ್ (ಫಾಂಟಲ್ಲಿರೋ ಅಕ್ಷರದ ಚಿತ್ರ) ಆಗಿರತ್ತೆ, 'ಕೋ' ಅನ್ನೋಕೆ ಕೆ, ಆಮೇಲೆ ಕೊಂಬಿನ ಭಾಗ, ಆಮೇಲೆ ದೀರ್ಘ ಅಂತ ಬಿಡಿಬಿಡಿಯಾಗಿ ಇರ್ತವೆ. ನಾನು ಮೊದಲು ಬರ್ದಿದ್ದ ಕೋಡು ಗ್ಲಿಫ್‌ಗೊಂದು ಯುನಿಕೋಡ್ ಅಂತ ತಿರುಗಿಸ್ತಿತ್ತು, ಹಂಗಾಗಿ 'ಕೋಲಾರ'ದ ಓತ್ವ ಮೂರು ತುಂಡಾಗಿ ಬರ್ತಿತ್ತು. ಯುನಿಕೋಡಲ್ಲಿ ಇದನ್ನ ಒಂದೇ ಕೋಡಾಗಿಯೂ ಬರೀಬಹುದು, ತುಂಡು ತುಂಡಾಗಿಯೂ ಬರೀಬಹುದು, ಎರಡೂ ಸ್ಕ್ರೀನ್ ಮೇಲೆ ಒಂದೇ ಥರ 'ಕೋಲಾರ' ಅಂತ ಕಾಣತ್ತೆ, ಕಂಪ್ಯೂಟರ್‌ಗೆ ಮಾತ್ರ ಎರಡೂ ಬೇರೆ. ಕೂಡಿಸಿ ಒಂದೇ ಕೋಡ್ ಮಾಡೋದಕ್ಕೆ ಎನ್‌ಎಫ್‌ಸಿ ನಾರ್ಮಲೈಸೇಶನ್ ಅಂತಾರೆ, ವೆಬ್‌ನಲ್ಲಿ ರೂಢಿ ಅದೇ. ನಾನು ಹೊಸ ವರ್ಷನ್‌ನಲ್ಲಿ ಎಲ್ಲಾನೂ ಎನ್‌ಎಫ್‌ಸಿ ಮಾಡ್ದೆ. ಅಂಗಡಿಯವರ ಹತ್ರ ಇದ್ದ ಹಳೇ ಪಟ್ಟಿ ತುಂಡಿನ ರೂಪದಲ್ಲಿತ್ತು, ಹೊಸದು ಕೂಡಿದ ರೂಪದಲ್ಲಿ ಬಂತು. ಕೋಲಾರದಲ್ಲಿ ಓ ಇದೆ, ಶ್ರೀನಿವಾಸಪುರದಲ್ಲಿ ಈ ಇದೆ, ಬಂಗಾರಪೇಟೆಯಲ್ಲಿ ಏ ಇದೆ, ಮೂರರಲ್ಲೂ ಆ ದೀರ್ಘದ ತುಂಡು. ಮಾಲೂರು, ಮುಳಬಾಗಿಲಲ್ಲಿ ಅಂಥಾ ಅಕ್ಷರ ಒಂದೂ ಇಲ್ಲ, ಅದಕ್ಕೆ ಅವೆರಡೂ ತಾಳೆ ಆದ್ವು! ಅವರು ಫೋನಲ್ಲಿ ತಾಲ್ಲೂಕು ಹೆಸರು ಹೇಳಿದ್ರಿಂದಲೇ ನನಗೆ ಬೇಗ ಹೊಳೀತು, ಇಲ್ಲಾಂದ್ರೆ ಇಡೀ ದಿನ ಒದ್ದಾಡ್ತಿದ್ದೆ.

ಹಂಗಂತ ತಪ್ಪನ್ನ ಸರಿ ಮಾಡಲೇಬಾರದಾ ಅಂದ್ರೆ, ಮಾಡ್ಬೇಕು, ಆದ್ರೆ ದಾರಿ ಬೇರೆ. ಈಗ ನನ್ನ ಟೂಲಲ್ಲಿ ಹಳೇ ರೂಪವೇ ಡಿಫಾಲ್ಟ್, `--ಎನ್‌ಎಫ್‌ಸಿ` ಅಂತ ಕೊಟ್ರೆ ಕೂಡಿದ ರೂಪ ಬರತ್ತೆ, ಜೊತೆಗೆ ಅವರ ಹಳೇ ಪಟ್ಟಿನೂ ಒಂದೇ ಸಲಕ್ಕೆ ಕೂಡಿದ ರೂಪಕ್ಕೆ ತರೋ ಸಣ್ಣ ಕಮಾಂಡ್ ಒಂದು ಕೊಟ್ಟಿದೀನಿ. ಮುಂದಿನ ದೊಡ್ಡ ವರ್ಷನ್‌ನಲ್ಲಿ ಡಿಫಾಲ್ಟ್ ಬದಲಾಗತ್ತೆ ಅಂತ ಈಗಲೇ ಹೇಳಿಟ್ಟಿದೀನಿ.

ಯುನಿಕೋಡ್‌ನವರು ಈ ವಿಷಯದಲ್ಲಿ ಎಷ್ಟು ಗಟ್ಟಿ ಅಂದ್ರೆ, ನಮ್ಮ ಹಳಗನ್ನಡದ ೞ ಅಕ್ಷರಕ್ಕೆ ಅವರ ಪಟ್ಟಿಯಲ್ಲಿ 'ಕನ್ನಡ ಲೆಟರ್ ಎಫ್‌ಎ' ಅಂತ ಹೆಸರಿದೆ. ಅದು 'ಫ' ಅಲ್ಲವೇ ಅಲ್ಲ, ತಪ್ಪು ಹೆಸರು. ತಪ್ಪು ಅಂತ ಅವರೇ ಒಪ್ಕೊಂಡಿದಾರೆ, ಆದ್ರೂ ಹೆಸರು ಬದಲಾಯಿಸಿಲ್ಲ, ಯಾಕಂದ್ರೆ ಒಂದ್ಸಲ ಕೊಟ್ಟ ಹೆಸರನ್ನ ಯಾವತ್ತೂ ಬದಲಾಯಿಸಲ್ಲ ಅನ್ನೋದು ಅವರ ಸ್ಥಿರತೆಯ ನಿಯಮ, ಆ ಹೆಸರನ್ನ ನಂಬ್ಕೊಂಡಿರೋ ಪ್ರೋಗ್ರಾಂ ಎಲ್ಲಾದ್ರೂ ಇರಬಹುದಲ್ಲ. ಸರಿಯಾದ ಹೆಸರನ್ನ ಪಕ್ಕದಲ್ಲಿ ಇನ್ನೊಂದು ಹೆಸರಾಗಿ ಸೇರಿಸಿದಾರೆ ಅಷ್ಟೆ. ಕನ್ನಡಿಗನಾಗಿ ಮೊದಲು ನೋಡಿದಾಗ ನನಗೆ ಸಿಟ್ಟು ಬಂದಿತ್ತು, ಟೂಲ್ ನೋಡ್ಕೊಳ್ಳೋಕೆ ಶುರು ಮಾಡಿದ್ಮೇಲೆ ಅದು ಸರಿ ಅನ್ಸಿದೆ.

4. ಬದಲಾಯಿಸೋ ಬದಲು ಸೇರಿಸಿ

ಹೊಸ ಆಪ್ಷನ್ ಸೇರಿಸಿ, ಹಳೇದನ್ನ ಬಿಡಬೇಡಿ. ಹೆಸರು ಚೆನ್ನಾಗಿಲ್ಲ ಅಂತ ಬದಲಾಯಿಸಿದ್ರೆ ಹಳೇ ಹೆಸರೂ ಕೆಲಸ ಮಾಡ್ಲಿ. ಸಿಎಸ್‌ವಿಗೆ ಹೊಸ ಕಾಲಂ ಬೇಕಾದ್ರೆ ಕೊನೆಗೆ ಹಾಕಿ, ಮಧ್ಯೆ ತೂರಿಸ್ಬೇಡಿ, ಮೂರನೇ ಕಾಲಂ ಅಂತ ನಂಬರಲ್ಲಿ ಓದೋರು ಬಹಳ ಜನ. ಪೈಥಾನ್ ಫಂಕ್ಷನ್‌ಗೆ ಹೊಸ ಆರ್ಗ್ಯುಮೆಂಟ್ ಸೇರಿಸಿದ್ರೆ ಅದಕ್ಕೆ ಡಿಫಾಲ್ಟ್ ಕೊಟ್ಟು, ಹೆಸರು ಹೇಳಿಯೇ ಕೊಡಬೇಕು ಅನ್ನೋಥರ ಇಡಿ, ಆಗ ನಾಳೆ ಕ್ರಮ ಬದಲಾದ್ರೂ ಯಾರಿಗೂ ತೊಂದ್ರೆ ಇಲ್ಲ. ಒಳಗಿನ ಕೆಲಸಕ್ಕೆ ಮಾತ್ರ ಇರೋ ಫಂಕ್ಷನ್ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕೋ ರೂಢಿ ಇದೆಯಲ್ಲ, ಅದನ್ನ ಮೊದಲ ದಿನದಿಂದ ಮಾಡಿ.

ಸೇರಿಸಿದ್ರೂ ಕೆಡೋ ಒಂದು ಜಾಗ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪೈಥಾನ್‌ನಲ್ಲಿ ಕಮಾಂಡ್ ಆಪ್ಷನ್‌ಗಳನ್ನ ಓದೋ ಆರ್ಗ್‌ಪಾರ್ಸ್ ಅನ್ನೋದು, ಆಪ್ಷನ್ ಹೆಸರನ್ನ ಮೊಟಕು ಮಾಡಿ ಟೈಪ್ ಮಾಡಿದ್ರೂ ಒಪ್ಕೊಳ್ಳತ್ತೆ. `--ಔಟ್‌ಪುಟ್` ಅಂತ ಆಪ್ಷನ್ ಇದ್ರೆ ಯಾರೋ ತಮ್ಮ ಬ್ಯಾಚ್ ಫೈಲಲ್ಲಿ `--ಔಟ್` ಅಂತ ಬರ್ದಿರ್ತಾರೆ, ವರ್ಷಗಟ್ಟಲೆ ಓಡಿರತ್ತೆ. ನೀವು ಹೊಸದಾಗಿ `--ಔಟ್‌ಡಿರ್` ಅಂತ ಸೇರಿಸಿದ ದಿನ, `--ಔಟ್` ಅಂದ್ರೆ ಎರಡರಲ್ಲಿ ಯಾವುದು ಅಂತ ಗೊತ್ತಾಗ್ತಿಲ್ಲ ಅಂತ ಎರರ್ ಹೊಡ್ದು ನಿಂತ್ಕೊಳ್ಳತ್ತೆ. ಅದಕ್ಕೆ ಹೊಸ ಟೂಲ್ ಶುರು ಮಾಡೋರು ಅಲೌ ಅಬ್ರೆವ್ ಅನ್ನೋ ಸೆಟ್ಟಿಂಗನ್ನ ಮೊದಲೇ ಆಫ್ ಮಾಡಿಡಿ. ಈಗಾಗ್ಲೇ ಜನ ಬಳಸ್ತಿದ್ರೆ ದಿಢೀರ್ ಅಂತ ಆಫ್ ಮಾಡ್ಬೇಡಿ, ಅದೂ ಮುರಿದಂಗೇ. ಆ ಮೊಟಕು ಹೆಸರನ್ನೇ ನಿಜವಾದ ಆಪ್ಷನ್ ಥರ ಸೇರಿಸ್ಬಿಡಿ.

ನಡವಳಿಕೆನೇ ಬದಲಾಗಬೇಕು ಅಂತಿದ್ರೆ ಗೋ ಭಾಷೆಯವರು ಮಾಡಿದ್ದನ್ನ ನೋಡಿ. 2012ರಲ್ಲಿ ಗೋ 1 ಬಂದಾಗ, ಇದಕ್ಕೆ ಬರೆದ ಪ್ರೋಗ್ರಾಂ ಮುಂದಿನ ಗೋ 1.x ವರ್ಷನ್‌ಗಳಲ್ಲೂ ಓಡತ್ತೆ ಅಂತ ಮಾತು ಕೊಟ್ಟಿದ್ರು. ಲೂಪ್ ವೇರಿಯಬಲ್ ವಿಷಯದಲ್ಲಿ ಒಂದು ಹಳೇ ತೊಡಕು ಇತ್ತು, ಎಷ್ಟೋ ಜನ ಅದರಲ್ಲಿ ಎಡವಿದ್ರು. 2024ರಲ್ಲಿ ಬಂದ 1.22ರಲ್ಲಿ ಅದನ್ನ ಸರಿ ಮಾಡಿದ್ರು, ಆದ್ರೆ ಯಾವ ಪ್ರಾಜೆಕ್ಟು ತನ್ನ ಮಾಡ್ಯೂಲ್ ಫೈಲಲ್ಲಿ 1.22 ಅಥವಾ ಆಮೇಲಿಂದು ಅಂತ ಬರ್ಕೊಂಡಿದೆಯೋ ಅದಕ್ಕೆ ಮಾತ್ರ ಹೊಸ ನಡವಳಿಕೆ, ಹಳೇ ನಂಬರ್ ಇರೋದಕ್ಕೆ ಹಳೇದೇ. ನಾವೂ ಕಾನ್ಫಿಗ್ ಫೈಲಲ್ಲಿ ಒಂದು ವರ್ಷನ್ ನಂಬರ್ ಸಾಲು ಇಟ್ಟು ಇದನ್ನೇ ಮಾಡಬಹುದು, ಸಣ್ಣ ಟೂಲ್‌ಗೂ ಇದು ಕಷ್ಟ ಏನಲ್ಲ.

5. ತೆಗೆಯೋ ಮುಂಚೆ ಹೇಳಿ, ಕೇಳ್ಸೋ ಹಂಗೆ ಹೇಳಿ

ಪೈಥಾನ್‌ನಲ್ಲಿ ಡೆಪ್ರಿಕೇಶನ್ ವಾರ್ನಿಂಗ್, ಅಂದ್ರೆ ಇದು ಮುಂದೆ ಹೋಗತ್ತೆ ಅನ್ನೋ ಎಚ್ಚರಿಕೆ, ಇದೆ, ಅದನ್ನ ಹಾಕಿ ನಾನು ಹೇಳಿದೀನಲ್ಲ ಅಂತ ಸುಮ್ನಿರಬೇಡಿ, ಲೈಬ್ರರಿ ಒಳಗಿಂದ ಬಂದ್ರೆ ಅದು ಡಿಫಾಲ್ಟಾಗಿ ತೋರೋದೇ ಇಲ್ಲ. ಅದು ಇರೋದು ಪ್ರೋಗ್ರಾಮರ್‌ಗಳು ಟೆಸ್ಟ್ ಓಡಿಸೋವಾಗ ನೋಡ್ಲಿ ಅಂತ. ಟೂಲ್ ಬಳಸೋ ಮಾಮೂಲಿ ಜನಕ್ಕೆ ತೋರಬೇಕು ಅಂದ್ರೆ ಫ್ಯೂಚರ್ ವಾರ್ನಿಂಗ್ ಬಳಸಿ, ಇಲ್ಲಾಂದ್ರೆ ನೇರವಾಗಿ ಸ್ಟ್ಯಾಂಡರ್ಡ್ ಎರರ್‌ಗೆ (ಎರರ್, ಎಚ್ಚರಿಕೆ ಹೋಗೋ ಬೇರೆ ದಾರಿ) ಒಂದು ಸಾಲು ಬರೀರಿ. ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಮಾತ್ರ ಬರೀಬೇಡಿ, ಔಟ್‌ಪುಟ್ಟನ್ನ ಫೈಲಿಗೆ ತಿರುಗಿಸಿಕೊಂಡಿರೋರ ಪಟ್ಟಿಯ ಮೊದಲನೇ ಸಾಲಲ್ಲಿ ನಿಮ್ಮ ಎಚ್ಚರಿಕೆ ಹೋಗಿ ಕೂತ್ಕೊಳ್ಳತ್ತೆ, ಎಚ್ಚರಿಕೆ ಕೊಡೋಕೆ ಹೋಗಿ ನೀವೇ ಮುರಿದಂಗಾಗತ್ತೆ.

ಆ ಸಾಲಲ್ಲಿ ಮೂರು ವಿಷಯ ಇರ್ಲಿ, ಏನು ಹೋಗತ್ತೆ, ಅದರ ಬದಲು ಏನು ಬರೀಬೇಕು, ಯಾವ ವರ್ಷನ್‌ನಲ್ಲಿ ಹೋಗತ್ತೆ. 'ಈ ಆಪ್ಷನ್ ಹಳೇದಾಗಿದೆ' ಅಂತ ಅಷ್ಟೇ ಹೇಳಿದ್ರೆ ಓದಿದವರು ಏನ್ ಮಾಡ್ಬೇಕು? ಕನ್ನಡದಲ್ಲೂ ಬರೀರಿ, ಓದೋರು ಯಾರು ಅಂತ ನಿಮಗೇ ಗೊತ್ತು.

ಎಷ್ಟು ಟೈಮ್ ಕೊಡಬೇಕು ಅಂದ್ರೆ, ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋದವರು ಏನನ್ನಾದ್ರೂ ತೆಗೀಬೇಕಾದ್ರೆ ಕಡೇಪಕ್ಷ ಎರಡು ಫೀಚರ್ ರಿಲೀಸ್ ತನಕ ಎಚ್ಚರಿಕೆ ಜೊತೆ ಉಳಿಸ್ಕೊಳ್ತಾರೆ. ನಾನು ರಿಲೀಸ್ ಲೆಕ್ಕದಲ್ಲಿ ಹೇಳಲ್ಲ, ನಮ್ಮ ಜನ ವರ್ಷಕ್ಕೊಂದ್ಸಲ ಮಾತ್ರ ಮಾಡೋ ಕೆಲಸ ಬಹಳ ಇರ್ತವೆ, ಸೊಸೈಟಿ ವಾರ್ಷಿಕ ಸಭೆ ಪಟ್ಟಿ, ಶಾಲೆ ಅಡ್ಮಿಶನ್ ಪಟ್ಟಿ ಅಂತ. ಅವರು ನಿಮ್ಮ ಎಚ್ಚರಿಕೆ ಒಂದ್ಸಲನಾದ್ರೂ ನೋಡ್ಬೇಕು, ನೋಡಿದ್ಮೇಲೆ ಬದಲಾಯಿಸ್ಕೊಳ್ಳೋಕೆ ಇನ್ನೊಂದು ಸುತ್ತು ಬೇಕು, ಅಲ್ಲಿಗೆ ಎರಡು ವರ್ಷ.

6. ವರ್ಷನ್ ನಂಬರ್ ಸುಳ್ಳು ಹೇಳ್ಬಾರದು

ಸೆಮ್ಯಾಂಟಿಕ್ ವರ್ಷನಿಂಗ್ ಅಂತ ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದ ನಿಯಮ ಇದೆ. 2.4.1 ಅಂದ್ರೆ ಮೊದಲನೇ ಅಂಕೆ ಬದಲಾದ್ರೆ ಹಳೇದು ಮುರಿದಿದೆ, ಎರಡನೇದು ಬದಲಾದ್ರೆ ಹೊಸದು ಸೇರಿದೆ ಏನೂ ಮುರಿದಿಲ್ಲ, ಮೂರನೇದು ಬರೀ ಬಗ್ ರಿಪೇರಿ. ನನ್ನ ಎನ್‌ಎಫ್‌ಸಿ ಬದಲಾವಣೆನ ನಾನು ಮೂರನೇ ಅಂಕೆಯಲ್ಲಿ ಬಿಟ್ಟಿದ್ದೆ, ಅದೇ ದೊಡ್ಡ ತಪ್ಪು, ಅಂಗಡಿಯವರು ಧೈರ್ಯವಾಗಿ ಅಪ್‌ಡೇಟ್ ಒತ್ತಿದ್ದು ಆ ನಂಬರ್ ನಂಬಿ. ಸೊನ್ನೆಯಿಂದ ಶುರುವಾಗೋ ವರ್ಷನ್‌ನಲ್ಲಿ ಏನು ಬೇಕಾದ್ರೂ ಬದಲಾಗಬಹುದು ಅಂತ ನಿಯಮ ಹೇಳತ್ತೆ ನಿಜ, ಹಂಗಂತ ಐದು ವರ್ಷ ಸೊನ್ನೆಯಲ್ಲೇ ಕೂರಬೇಡಿ, ಜನ ದಿನಾ ಬಳಸ್ತಿದ್ರೆ 1.0 ಮಾಡಿ.

ಮೊದಲನೇ ಅಂಕೆನ ಪದೇ ಪದೇ ಬದಲಾಯಿಸೋದೂ ಒಳ್ಳೇದಲ್ಲ. ನೆಟ್‌ನಲ್ಲಿ ಡೇಟಾ ತರೋ, ಕಳಿಸೋ ಕರ್ಲ್ ಅನ್ನೋ ಟೂಲ್ ಲೋಕದ ತುಂಬಾ ಇದೆ, ಅದರ ಲೈಬ್ರರಿಯಲ್ಲಿ ಹಳೇ ಪ್ರೋಗ್ರಾಂ ಮುರಿಯೋಥರ ಕೊನೇ ಸಲ ಬದಲಾವಣೆ ಮಾಡಿದ್ದು 2006ರಲ್ಲಿ. 2023ರಲ್ಲಿ 8.0 ಅಂತ ನಂಬರ್ ಬದಲಾದಾಗಲೂ ಏನೂ ಮುರೀಲಿಲ್ಲ.

ಪೈಥಾನ್ ವರ್ಷನ್ ವಿಷಯನೂ ಇಲ್ಲೇ ಹೇಳ್ಬಿಡ್ತೀನಿ. ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 7 ಮೆಷಿನ್ ಇವೆ, ಹಳೇ ಪೇಜ್‌ಮೇಕರ್, ನುಡಿ, ಪ್ರಿಂಟರ್ ಡ್ರೈವರ್ ಎಲ್ಲಾ ಅದರಲ್ಲೇ ಹೊಂದ್ಕೊಂಡಿರತ್ತೆ. ವಿಂಡೋಸ್ 7ರಲ್ಲಿ ಓಡೋ ಕೊನೇ ಪೈಥಾನ್ 3.8, 3.9ರಿಂದ ಓಡಲ್ಲ. ನೀವು ಹೊಸ ಸಿಂಟ್ಯಾಕ್ಸ್ ಚೆನ್ನಾಗಿದೆ ಅಂತ ಒಂದು ಸಾಲು ಬರ್ದ್ರೆ ಅವರು ಹೊರಗೆ ಉಳೀತಾರೆ. ಹಳೇ ಪೈಥಾನ್‌ಗೆ ಸೆಕ್ಯೂರಿಟಿ ಅಪ್‌ಡೇಟ್ ಬರಲ್ಲ, ಹಂಗಾಗಿ ಯಾವಾಗ್ಲೂ ಬೆಂಬಲ ಕೊಡಿ ಅಂತ ನಾನು ಹೇಳಲ್ಲ. ಆದ್ರೆ ಬಿಡೋವಾಗ ಪ್ಯಾಕೇಜ್ ಮಾಹಿತಿಯಲ್ಲಿ 'ರಿಕ್ವೈರ್ಸ್ ಪೈಥಾನ್' ಅನ್ನೋ ಸಾಲು ಸರಿಯಾಗಿ ಹಾಕಿ, ಆಗ ಹಳೇ ಪೈಥಾನ್ ಇರೋರಿಗೆ ಪಿಪ್ ತಾನಾಗೇ ಅವರಿಗೆ ಹೊಂದೋ ಹಳೇ ವರ್ಷನ್ ಕೊಡತ್ತೆ. ಆ ಸಾಲು ಮರೆತ್ರೆ ಹೊಸದು ಇನ್‌ಸ್ಟಾಲ್ ಆಗಿ, ಓಡಿಸಿದಾಗ ಸಿಂಟ್ಯಾಕ್ಸ್ ಎರರ್ ಬರತ್ತೆ.

7. ಬಿಡೋ ದಿನ, ಕೆಟ್ಟ ದಿನ

ಮೊದಲು 2.0ಆರ್‌ಸಿ1 ಅಂತ ಪ್ರೀ-ರಿಲೀಸ್ ಬಿಡಿ. ಪಿಪ್ ಅದನ್ನ ಕೇಳದೇ ಯಾರಿಗೂ ಹಾಕಲ್ಲ, ನೀವು ಹೇಳಿದ ಮೂರ್ನಾಲ್ಕು ಜನ ಮಾತ್ರ ಹಾಕ್ಕೊಂಡು ನೋಡ್ತಾರೆ. ಒಂದು ವಾರ ಬಿಡಿ. ಚೇಂಜ್‌ಲಾಗ್‌ನಲ್ಲಿ ಮುರಿಯೋ ವಿಷಯ ಎಲ್ಲಕ್ಕಿಂತ ಮೇಲಿರ್ಲಿ, ಹಳೇ ಕಮಾಂಡ್ ಒಂದು ಸಾಲು, ಹೊಸ ಕಮಾಂಡ್ ಒಂದು ಸಾಲು. ಸೀಸನ್ ಮಧ್ಯೆ, ಪರೀಕ್ಷೆ ಟೈಮಲ್ಲಿ, ಶುಕ್ರವಾರ ಸಂಜೆ ಬಿಡಬೇಡಿ.

ಆದ್ರೂ ಕೆಟ್ರೆ, ಮೊದಲು ಹಳೇ ನಡವಳಿಕೆ ವಾಪಸ್ ತಂದು ಒಂದು ರಿಲೀಸ್ ಮಾಡಿ, ಯಾರದು ಸರಿ ಯಾರದು ತಪ್ಪು ಅನ್ನೋ ಚರ್ಚೆ ಆಮೇಲೆ ಇಟ್ಕೊಳ್ಳಿ. ಕೆಟ್ಟ ವರ್ಷನ್ನನ್ನ ಡಿಲೀಟ್ ಮಾಡ್ಬೇಡಿ, ಪಿಪ್ ಪ್ಯಾಕೇಜ್ ತರೋ ಜಾಗ ಪೈಪಿಐನಲ್ಲಿ ಯಾಂಕ್ ಅಂತ ಇದೆ, ಹಂಗೆ ಮಾಡಿದ್ರೆ ಹೊಸಬರಿಗೆ ಅದು ಸಿಗಲ್ಲ, ಅದೇ ನಂಬರ್ ಬೇಕು ಅಂತ ಖಚಿತವಾಗಿ ಬರ್ಕೊಂಡಿರೋರಿಗೆ ಮಾತ್ರ ಸಿಗತ್ತೆ. ಫೋನ್ ಮಾಡಿದವರಿಗೆ ಅಲ್ಲೀತನಕ ಹಳೇ ವರ್ಷನ್ ನಂಬರ್ ಹಾಕಿ ಇನ್‌ಸ್ಟಾಲ್ ಮಾಡೋ ಕಮಾಂಡ್ ವಾಟ್ಸಾಪಲ್ಲಿ ಕಳಿಸಿ, ಅವರ ಕೆಲಸ ಐದು ನಿಮಿಷದಲ್ಲಿ ಮತ್ತೆ ಶುರುವಾಗತ್ತೆ. ಆ ಅಂಗಡಿಯವರಿಗೆ ನಾನು ಮಾಡಿದ್ದು ಅದೇ, ಮಧ್ಯಾಹ್ನದೊಳಗೆ ಪಟ್ಟಿ ಪ್ರಿಂಟ್ ಆಯ್ತು. ಅವರ ಬ್ಯಾಚ್ ಫೈಲು, ಹೆಸರು ಬದಲಾಯಿಸಿದ ಪಟ್ಟಿ ಎರಡೂ ಈಗ ನನ್ನ ಟೆಸ್ಟ್ ಫೋಲ್ಡರಲ್ಲಿವೆ, ಅವರನ್ನ ಕೇಳಿಯೇ ಹಾಕಿದ್ದು.

ಸೆಕ್ಯೂರಿಟಿ ತೂತು ಇದ್ರೆ ಮಾತ್ರ ಈ ಕಾಯೋದೆಲ್ಲಾ ಇಲ್ಲ, ಅವತ್ತೇ ಮುಚ್ಚಿ. ಹಳೇ ನಡವಳಿಕೆ ಇಟ್ಕೊಂಡು ಮುಚ್ಚೋಕೆ ಆಗದೇ ಇದ್ರೆ ಮುರೀಲಿ, ಯಾಕೆ ಮುರಿದ್ವಿ ಅಂತ ಬರೀರಿ.

8. ನೀವು ಬಿಟ್ಟು ಹೋಗೋವಾಗ

ಕೆಲಸ ಸಿಗತ್ತೆ, ಮದುವೆ ಆಗತ್ತೆ, ಆಸಕ್ತಿ ಹೋಗತ್ತೆ, ಇದೆಲ್ಲಾ ಸಹಜ, ಯಾರಿಗೂ ನೀವು ಜೀವನಪೂರ್ತಿ ಸಾಲಗಾರರಲ್ಲ. ಆದ್ರೆ ಅಳಿಸಿ ಹೋಗ್ಬೇಡಿ. 2016ರ ಮಾರ್ಚಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳು ಸಿಗೋ ಎನ್‌ಪಿಎಂನಿಂದ ಲೆಫ್ಟ್-ಪ್ಯಾಡ್ ಅನ್ನೋ ಪ್ಯಾಕೇಜನ್ನ ಅದನ್ನ ಬರೆದವರು ತೆಗೆದಾಗ, ಹನ್ನೊಂದು ಸಾಲಿನ ಆ ಕೋಡ್ ಮೇಲೆ ನಿಂತಿದ್ದ ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡೇ ನಿಂತೋಯ್ತು, ಎನ್‌ಪಿಎಂನವರೇ ಅದನ್ನ ವಾಪಸ್ ತಂದು ಹಾಕಬೇಕಾಯ್ತು. ಗಿಟ್‌ಹಬ್‌ನಲ್ಲಿ ರೆಪೊನ ಆರ್ಕೈವ್ ಮಾಡಿ, ಓದೋಕೆ, ಕ್ಲೋನ್ ಮಾಡೋಕೆ ಸಿಗ್ತಾ ಇರತ್ತೆ, ಬದಲಾಯಿಸೋಕೆ ಆಗಲ್ಲ ಅಷ್ಟೆ. ಪೈಪಿಐನಲ್ಲಿರೋ ವರ್ಷನ್‌ಗಳು ಹಂಗೇ ಇರ್ಲಿ. ಇನ್ಮುಂದೆ ನೋಡ್ಕೊಳ್ಳಲ್ಲ, ಬೇಕಾದವರು ಫೋರ್ಕ್ (ತಮ್ಮದೇ ಒಂದು ನಕಲು) ಮಾಡ್ಕೊಳ್ಳಿ ಅಂತ ರೀಡ್‌ಮಿ ಮೇಲ್ಗಡೆನೇ ಬರೀರಿ, ಯಾರಾದ್ರೂ ವಹಿಸ್ಕೊಂಡಿದ್ರೆ ಅವರ ರೆಪೊ ಲಿಂಕ್ ಹಾಕಿ, ಆಮೇಲೆ ಆ ಬ್ಯಾಚ್ ಫೈಲ್ ಕಳಿಸಿದ್ದ ಅಂಗಡಿಗಳಿಗೆ ಒಂದೊಂದು ಫೋನ್ ಮಾಡಿ.